ಈಜು ಬಾರದ ನಿಮ್ಮದಲ್ಲ, ಈಜು ಬಲ್ಲ ಯಜಮಾನರದೇ ನನಗೆ ಚಿಂತೆ

ಪ್ರಶ್ನೆ: ನಾನು ಬದಿಯಡ್ಕದ ಹತ್ತಿರ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಅಧ್ಯಾಪಿಕೆ. ವಯಸ್ಸು 51. ಮಗಳು ಸಿಡ್ನಿಯಲ್ಲಿದ್ದಾಳೆ. ಈ ಸಲದ ಓಣಂ ರಜೆಗೆ ನಾನೂ ಯಜಮಾನರೂ ಅಲ್ಲಿಗೆ ಹೋಗುವುದೆಂದು ತೀರ್ಮಾನವಾಗಿದೆ. ನಮ್ಮಿಬ್ಬರ ಹೆಸರಿನಲ್ಲಿ ಅವಳು ಮ್ಯಾನ್ಲಿಯ ಶೆಲ್ಲಿ ಬೀಚಿನಲ್ಲಿ ಸ್ಕೂಬಾ ಡೈವಿಂಗಿಗೆ ಬುಕ್ ಮಾಡಿಬಿಟ್ಟಿದ್ದಾಳೆ. ಡೈವಿಂಗ್ ಮರುದಿನ ಬ್ಲೂ ಮೌಂಟನ್ಸ್ ಪ್ರವಾಸ, ಅದರ ಮರುದಿನ ಊರಿಗೆ ವಿಮಾನ. "ಅಲೆಯೇ ಇಲ್ಲದ ಕಡಲು ಅಮ್ಮ, ನಮ್ಮ ಕೆರೆಯ ಹಾಗೆ" ಎನ್ನುತ್ತಾಳೆ. ನನಗೆ ಈಜು ಬರುವುದಿಲ್ಲ ಎಂದೇ ಹೇಳಬೇಕು. ಸೊಂಟದವರೆಗಿನ ನೀರಿನಲ್ಲಿ ಕೈಕಾಲು ಬಡಿದದ್ದಷ್ಟೆ. ಮಡಿಕೇರಿಯಿಂದ ಘಾಟಿ ಇಳಿಯುವಾಗಲೇ ಕಿವಿ ಕಟ್ಟಿ ನೋಯುತ್ತದೆ. ಕನ್ನಡಕ ಇಲ್ಲದೆ ಏನೂ ಕಾಣುವುದಿಲ್ಲ. ಶಾರ್ಕ್ ಹೆದರಿಕೆ ಬೇರೆ. ಆಕ್ಸಿಜನ್ ಸಿಲಿಂಡರ್ ಮುಗಿದರೆ ಗತಿಯೇನು, ಬೇಗ ಮೇಲೆ ಬಂದರೆ ರಕ್ತ ಕುದಿಯುತ್ತದಂತೆ ಎಂದು ಸ್ಟಾಫ್ ರೂಮಿನಲ್ಲಿ ಒಬ್ಬರು ಹೇಳಿದ ಮೇಲೆ ನಿದ್ದೆ ಬರುತ್ತಿಲ್ಲ. ಯಜಮಾನರಿಗೆ ಮಾತ್ರ ಯಾವ ಹೆದರಿಕೆಯೂ ಇಲ್ಲ. ಅವರಿಗೆ 58. ಪಯಸ್ವಿನಿ ಹೊಳೆಯ ಬದಿಯಲ್ಲಿ ಬೆಳೆದವರು, ಈಗಲೂ ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಮುಳುಗಿರುತ್ತಾರೆ. ಹತ್ತು ವರ್ಷದಿಂದ ಬಿಪಿ ಮಾತ್ರೆ ತೆಗೆದುಕೊಳ್ಳುವುದು ಬಿಟ್ಟರೆ ಬೇರೆ ಕಾಯಿಲೆ ಇಲ್ಲ. "ಸಿಡ್ನಿಯದ್ದಾದರೇನು, ನೀರು ನೀರೇ" ಎನ್ನುತ್ತಾರೆ. ನಾನು ಇಳಿಯಬಹುದೇ? ಕರಿಮಣಿ, ಮೂಗುತಿ ತೆಗೆಯಬೇಕಾಗುತ್ತದೆಯೇ?

ಉತ್ತರ: ಟೀಚರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪತ್ರದ ಮುಕ್ಕಾಲು ಪಾಲು ನಿಮ್ಮ ಹೆದರಿಕೆ, ಕೊನೆಗೆ ಯಜಮಾನರಿಗೆ ನಾಲ್ಕೇ ಸಾಲು. ನನ್ನ ಪೆನ್ನು ಅಡಿಗೆರೆ ಎಳೆದದ್ದು ಆ ನಾಲ್ಕು ಸಾಲಿಗೆ. ಒಂದು ನಿಮಿಷ ಉಸಿರು ಹಿಡಿಯುವ ಅಭ್ಯಾಸ, 58 ವರ್ಷ, ಹತ್ತು ವರ್ಷದ ಬಿಪಿ ಮಾತ್ರೆ, ಜೊತೆಗೆ "ನೀರು ನೀರೇ" ಎಂಬ ಮಾತು. ಈ ನಾಲ್ಕು ಒಟ್ಟಿಗೆ ಬಂದಾಗ ನನ್ನ ಕಿವಿ ನೆಟ್ಟಗಾಗುತ್ತದೆ.

ನಾನು ಮಂಜೇಶ್ವರದ ಕಡೆಯವನು. ಲಕ್ಷದ್ವೀಪದ ಕಡಮತ್‌ನಲ್ಲಿ ಡೈವಿಂಗ್ ಕಲಿತು, ಮುರ್ಡೇಶ್ವರದ ಎದುರಿನ ನೇತ್ರಾಣಿಯಲ್ಲಿ ಕಲಿಸಿ, ಆಮೇಲೆ ಆರು ವರ್ಷ ಸಿಡ್ನಿಯಲ್ಲೂ ಇದೇ ಕೆಲಸ ಮಾಡಿ ಊರಿಗೆ ಮರಳಿದವನು. ನಿಮ್ಮ ಮಗಳು ಆರಿಸಿದ ಜಾಗ ನನಗೆ ಚೆನ್ನಾಗಿ ಗೊತ್ತು. ಅವಳ ಆಯ್ಕೆಯಲ್ಲಿ ತಪ್ಪೇನೂ ಇಲ್ಲ. ಆಸ್ಟ್ರೇಲಿಯಾದ ಪೂರ್ವ ಕರಾವಳಿಯಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ ಬೀಚುಗಳು ತೀರಾ ಕಡಿಮೆ, ಶೆಲ್ಲಿ ಬೀಚು ಅವುಗಳಲ್ಲೊಂದು. ತೆರೆದ ಕಡಲಿಗೆ ಬೆನ್ನು ಹಾಕಿ ಗುಡ್ಡವೊಂದು ನಿಂತಿದೆ. ದಕ್ಷಿಣದಿಂದ ಬರುವ ದೊಡ್ಡ ಅಲೆಗಳನ್ನು ಅದೇ ತಡೆಯುತ್ತದೆ. ಹಾಗಾಗಿ ಪಕ್ಕದ ಮ್ಯಾನ್ಲಿಯಲ್ಲಿ ಅಲೆಯ ಮೇಲೆ ಹಲಗೆಯಾಟ ನಡೆಯುತ್ತಿರುವಾಗ ಇಲ್ಲಿ ಮಕ್ಕಳು ಕಾಲು ಇಳಿಬಿಟ್ಟು ಕೂತಿರುತ್ತಾರೆ. ಕೊಲ್ಲಿಯ ಹೆಸರು ಕ್ಯಾಬೇಜ್ ಟ್ರೀ ಬೇ. ಸುಮಾರು 20 ಹೆಕ್ಟೇರಿನ ಈ ನೀರನ್ನು 2002ರಲ್ಲಿ ಸಂರಕ್ಷಿತವೆಂದು ಘೋಷಿಸಿದರು. ಗಾಳ ಹಾಕುವಂತಿಲ್ಲ, ಚಿಪ್ಪು ಹೆಕ್ಕುವಂತಿಲ್ಲ. ಡೈವಿಂಗಿನವರು ತಿರುಗಾಡುವ ಆಳ ಹೆಚ್ಚಿನ ಕಡೆ 3ರಿಂದ 10 ಮೀಟರ್.

ಇಲ್ಲಿನ ದಿಬ್ಬವನ್ನು 'ರೀಫ್' ಎಂದೊಡನೆ ನಮ್ಮವರು ಲಕ್ಷದ್ವೀಪದ ಹವಳವನ್ನು ನೆನೆಯುತ್ತಾರೆ. ಇದು ಅದಲ್ಲ. ಇದು ತಣ್ಣೀರಿನ ಬಂಡೆ. ಬಂಡೆಯ ಮೇಲೆ ಕೆಲ್ಪ್ ಎಂಬ ಕಂದು ಕಡಲ ಸಸ್ಯ ಸೊಂಟದೆತ್ತರಕ್ಕೆ ಬೆಳೆದು, ನೀರು ಹೋದತ್ತ ತಲೆಯಾಡಿಸುತ್ತಿರುತ್ತದೆ. ಮಳೆಗಾಲ ಮುಗಿದ ಮೇಲೆ ಗದ್ದೆಯ ತೆನೆಗೆ ಗಾಳಿ ಹಿಡಿದಂತೆ. ನಡುನಡುವೆ ಸ್ಪಂಜು, ಮುಳ್ಳಿನ ಕಡಲಚೆಂಡು, ಕಟಲ್ ಮೀನು. ಬ್ಲೂ ಗ್ರೋಪರ್ ಎಂಬ ದೊಡ್ಡ ನೀಲಿ ಮೀನು ನಾಯಿಯ ಹಾಗೆ ಹಿಂದೆಯೇ ಬರುತ್ತದೆ. ನ್ಯೂ ಸೌತ್ ವೇಲ್ಸ್ ರಾಜ್ಯದ ಮೀನು ಅದು. ಹುಟ್ಟುವಾಗ ಎಲ್ಲವೂ ಹೆಣ್ಣು, ಬಣ್ಣ ಕಂದು. ಮುಂದೆ ಕೆಲವು ಗಂಡಾಗಿ ನೀಲಿ ಬಣ್ಣಕ್ಕೆ ತಿರುಗುತ್ತವೆ. ಈ ಬಂಡೆಗಳಿಗೊಂದು ದುಃಖದ ಕಥೆಯೂ ಇದೆ. ಕ್ರೇವೀಡ್ ಎಂಬ ಇನ್ನೊಂದು ಜಾತಿಯ ಕಡಲ ಸಸ್ಯ 1980ರ ದಶಕದ ಹೊತ್ತಿಗೆ ಸಿಡ್ನಿಯ ಸುಮಾರು 70 ಕಿಲೋಮೀಟರ್ ಕರಾವಳಿಯಿಂದಲೇ ಮಾಯವಾಗಿತ್ತು. ನಗರದ ಕೊಳಚೆ ದಡದ ಬುಡಕ್ಕೇ ಹರಿಯುತ್ತಿದ್ದ ಕಾಲ ಅದು. ನೀರು ತಿಳಿಯಾದ ಮೇಲೂ ಗಿಡ ತಾನಾಗಿ ಮರಳಲಿಲ್ಲ. ಬೇರೆಡೆಯಿಂದ ತಂದು ಬಂಡೆಗೆ ನಾಟಿ ಮಾಡಬೇಕಾಯಿತು, ನೇಜಿ ನೆಟ್ಟಂತೆ. ಅಂಥ ನಾಟಿ ಈ ಕೊಲ್ಲಿಯಲ್ಲೂ ಆಗಿದೆ. ಕೇಳಿದರೆ ಮಗಳು ತೋರಿಸಿಯಾಳು.

ಜಾಗದ ಮಾತು ಸಾಕು. ಮಗಳು 'ಕೆರೆಯ ಹಾಗೆ' ಎಂದದ್ದರಲ್ಲಿ ಅರ್ಧ ನಿಜವಿದೆ. ಅಲೆಯಿಲ್ಲ ಎಂಬುದು ನಿಜ. ಆದರೆ ಡೈವಿಂಗಿನಲ್ಲಿ ಜನರಿಗೆ ಪೆಟ್ಟು ಕೊಡುವುದು ಹೆಚ್ಚಾಗಿ ಅಲೆಯಲ್ಲ, ನೀರಿನ ಒತ್ತಡ. ಒತ್ತಡಕ್ಕೆ ಶಾಂತ ಕಡಲು, ಸಿಟ್ಟಿನ ಕಡಲು ಎಂಬ ಭೇದವಿಲ್ಲ.

ನೀವು ಮಕ್ಕಳಿಗೆ ಪಾಠ ಮಾಡುವವರು, ಲೆಕ್ಕ ಹೇಳಿದರೆ ಬೇಸರಿಸಲಾರಿರಿ. ದಡದಲ್ಲಿ ನಿಂತಾಗ ನಮ್ಮ ಮೇಲೆ ಒಂದು ವಾಯುಮಂಡಲದಷ್ಟು ಒತ್ತಡ. ನೀರಿನಲ್ಲಿ ಪ್ರತಿ 10 ಮೀಟರಿಗೆ ಇನ್ನೊಂದು ಸೇರುತ್ತದೆ. ಅಂದರೆ 10 ಮೀಟರಿನಲ್ಲಿ ಎರಡು, 20ರಲ್ಲಿ ಮೂರು. ಮೇಲ್ಮೈಯಲ್ಲಿ ಒಂದು ಲೀಟರ್ ಇದ್ದ ಗಾಳಿ 10 ಮೀಟರಿನಲ್ಲಿ ಅರ್ಧ ಲೀಟರಾಗುತ್ತದೆ. ಇನ್ನೂ 10 ಮೀಟರ್ ಇಳಿದರೂ ಮೂರನೇ ಒಂದಕ್ಕಷ್ಟೇ ಕುಗ್ಗುತ್ತದೆ. ದೊಡ್ಡ ಏರುಪೇರೆಲ್ಲ ಮೇಲಿನ 10 ಮೀಟರಿನಲ್ಲೇ. ಜನ ಹೆದರುವುದು ಆಳಕ್ಕೆ. ಕಿವಿಗೂ ಎದೆಗೂ ಕಷ್ಟದ ನೀರು ತಲೆಯ ಮೇಲಿನ ಆ ಮೊದಲ ಕೆಲವು ಮೀಟರು. ಶೆಲ್ಲಿ ಬೀಚಿನ ನೀರೆಲ್ಲ ಆ ಲೆಕ್ಕದೊಳಗೇ ಬರುತ್ತದೆ.

ಈಗ ನಿಮ್ಮ ಯಜಮಾನರ ಮುಳುಗು ಹಾಕುವ ವಿದ್ಯೆಗೆ ಬರೋಣ. ಅವರು ಹೊಳೆಬದಿಯಲ್ಲಿ ನಿಂತು ಎದೆ ತುಂಬ, ಆರು ಲೀಟರ್ ಎಂದಿಟ್ಟುಕೊಳ್ಳಿ, ಗಾಳಿ ಎಳೆದು ಮುಳುಗುತ್ತಾರೆ. ಕೆಳಗೆ ಅದು ಕುಗ್ಗುತ್ತದೆ. ಮೇಲೆ ಬಂದಾಗ ಮತ್ತೆ ಆರೇ ಲೀಟರ್. ಬಾಯಿ ಬಿಗಿಹಿಡಿದರೂ ಶ್ವಾಸಕೋಶಕ್ಕೆ ಏನೂ ಆಗದು. ಸ್ಕೂಬಾದಲ್ಲಿ ಹಾಗಲ್ಲ. ಬಾಯಲ್ಲಿ ಕಚ್ಚಿಕೊಂಡು ಟ್ಯಾಂಕಿನ ಗಾಳಿ ಎಳೆಯುವ ಸಾಧನ, ರೆಗ್ಯುಲೇಟರ್, ನೀವಿರುವ ಆಳದ ಒತ್ತಡಕ್ಕೆ ಸರಿಯಾಗಿ ಗಾಳಿ ಕೊಡುತ್ತದೆ. 4 ಮೀಟರ್ ಕೆಳಗೆ ಅವರು ಅದೇ ಆರು ಲೀಟರ್ ತುಂಬಿಕೊಂಡು, ಹಳೆಯ ಅಭ್ಯಾಸದಂತೆ ಬಾಯಿ ಮುಚ್ಚಿ ಮೇಲಕ್ಕೆ ಒದ್ದರೆ, ಮೇಲ್ಮೈ ಮುಟ್ಟುವಾಗ ಆ ಗಾಳಿ ಎಂಟು ಲೀಟರ್ ದಾಟಿರುತ್ತದೆ. ಹಿಗ್ಗಲು ಎದೆಯಲ್ಲಿ ಜಾಗವಿಲ್ಲ. ಶ್ವಾಸಕೋಶದ ನವಿರಾದ ಗೂಡುಗಳು ಹರಿದು ಗಾಳಿ ರಕ್ತಕ್ಕೆ ನುಗ್ಗಬಹುದು, ಅಲ್ಲಿಂದ ಮೆದುಳಿಗೆ. ಒಂದೂವರೆ ಮೀಟರಿನಷ್ಟು ಕಡಿಮೆ ಆಳದಿಂದಲೂ ಹೀಗಾಗಬಲ್ಲದು ಎಂಬುದು ಡೈವಿಂಗ್ ವೈದ್ಯರಿಗೆ ಗೊತ್ತಿರುವ ವಿಷಯ. ಡೈವಿಂಗಿನಲ್ಲಿ ಮೊದಲ ದಿನ, ಮೊದಲ ಗಂಟೆ ನಾವು ಕಲಿಸುವ ಸೂತ್ರ ಒಂದೇ: ಉಸಿರು ಹಿಡಿಯಬೇಡಿ. ಈಜು ಬಾರದವರಿಗೆ ಇದನ್ನು ಕಲಿಸುವುದು ಸುಲಭ, ಅವರಿಗೆ ಮರೆಯಬೇಕಾದದ್ದು ಏನೂ ಇಲ್ಲ.

ನೇತ್ರಾಣಿಯಲ್ಲಿ ಒಮ್ಮೆ ನಮ್ಮ ಕಡೆಯವರೇ ಒಬ್ಬರು ಬಂದಿದ್ದರು. ಬಂಡೆಗೆ ಮುಳುಗಿ ಕಲ್ಲುಮ್ಮಕ್ಕಾಯಿ ಕಿತ್ತು ಬೆಳೆದ ಆಸಾಮಿ. ನಾನು ವಿವರಿಸುತ್ತಿದ್ದರೆ ಅವರು ದೋಣಿಯ ಅಂಚಿನಲ್ಲಿ ಕೂತು ನಗುತ್ತಿದ್ದರು. ಐದು ಮೀಟರಿನಲ್ಲಿ, ಕಣ್ಣು ಮೂಗು ಮುಚ್ಚುವ ಅವರ ಮಾಸ್ಕಿಗೆ ಸ್ವಲ್ಪ ನೀರು ನುಗ್ಗಿತು. ಮೂಗಿನಿಂದ ಊದಿ ಹೊರಹಾಕಬೇಕಿತ್ತು, ದಡದಲ್ಲಿ ಮೂರು ಸಲ ಮಾಡಿಸಿದ್ದೆ. ಆದರೆ ಆ ಗಳಿಗೆಯಲ್ಲಿ ಕೆಲಸ ಮಾಡಿದ್ದು ನಲವತ್ತು ವರ್ಷದ ಅಭ್ಯಾಸ. ಎದೆ ತುಂಬ ಎಳೆದುಕೊಂಡರು, ಬಾಯಿಯಿಂದ ರೆಗ್ಯುಲೇಟರ್ ಉಗಿದರು, ಮೇಲಕ್ಕೆ ಒದ್ದರು. ಜಾಕೆಟಿನ ಪಟ್ಟಿ ನನ್ನ ಕೈಗೆ ಸಿಗುವಾಗ ಅರ್ಧಕ್ಕಿಂತ ಹೆಚ್ಚು ದಾರಿ ಆಗಿಹೋಗಿತ್ತು. ಮೇಲೆ ಬಂದು "ಏನೂ ಆಗಲಿಲ್ಲ ಮಾರಾಯ್ರೆ" ಎಂದು ನಕ್ಕರು. ಹತ್ತು ನಿಮಿಷದ ಮೇಲೆ ಕೆಮ್ಮಿ ಉಗಿದದ್ದರಲ್ಲಿ ರಕ್ತವಿತ್ತು. ದೋಣಿಯಲ್ಲಿದ್ದ ಆಕ್ಸಿಜನ್ ಹಿಡಿಸಿಕೊಂಡೇ ದಡ ಸೇರಿದೆವು. ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಕೆಲವು ದಿನ ಇದ್ದು ಚೇತರಿಸಿಕೊಂಡರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ದೇಹ ಅದಕ್ಕೆ ಗೊತ್ತಿದ್ದ ಅತ್ಯುತ್ತಮ ಕೆಲಸವನ್ನೇ ಮಾಡಿತ್ತು. ಬಲವಾದ ಈಜುಗಾರರನ್ನು ಅಂದಿನಿಂದ ನಾನು ಕೈಯಳತೆಯ ಆಚೆ ಬಿಡುವುದಿಲ್ಲ.

ಎರಡನೆಯದು ಬಿಪಿ. ಇಲ್ಲಿ ನಾನು ವೈದ್ಯನಲ್ಲ ಎಂಬುದನ್ನು ನೆನಪಿಟ್ಟುಕೊಂಡು ಓದಿ. ನಾನು ಹೇಳುವುದು ವೈದ್ಯರ ಹತ್ತಿರ ಏನು ಕೇಳಬೇಕು ಎಂಬುದನ್ನಷ್ಟೆ. ದೇಹವನ್ನು ಕುತ್ತಿಗೆಯವರೆಗೆ ನೀರಿಗಿಳಿಸಿದರೆ ಕೈಕಾಲಿನ ರಕ್ತ ಎದೆಯ ಕಡೆಗೆ ಸರಿಯುತ್ತದೆ. ನೀರಿಗಿಳಿದ ಸ್ವಲ್ಪ ಹೊತ್ತಿಗೆ ಮೂತ್ರ ಬರುವಂತಾಗುವುದೂ ಅದೇ ಕಾರಣಕ್ಕೆ. ನೀರು ತಣ್ಣಗಿದ್ದರೆ ಚರ್ಮದ ರಕ್ತನಾಳಗಳು ಬಿಗಿಯುತ್ತವೆ, ಹೃದಯ ಇನ್ನಷ್ಟು ಒತ್ತಿ ತಳ್ಳಬೇಕು. ಬಿಪಿ ಇರುವ, ಐವತ್ತು ದಾಟಿದ ಕೆಲವರಲ್ಲಿ ಈ ಹೊರೆಗೆ ಶ್ವಾಸಕೋಶದೊಳಗೆ ನೀರಿನಂಶ ಒಸರುವುದುಂಟು. ಕಡಲ ನೀರು ಕುಡಿದದ್ದಲ್ಲ ಅದು, ಅವರದೇ ರಕ್ತದ ದ್ರವ. ಏಕಾಏಕಿ ಕೆಮ್ಮು, ನಿಂತು ವಿಶ್ರಮಿಸಿದರೂ ಹೋಗದ ಏದುಸಿರು, ಕೆಲವೊಮ್ಮೆ ಗುಲಾಬಿ ಬಣ್ಣದ ನೊರೆ. ಗಂಡಸರು ಇದನ್ನು 'ಸ್ವಲ್ಪ ದಣಿವು' ಎಂದು ನುಂಗಿಕೊಳ್ಳುತ್ತಾರೆ. ನಡುವಯಸ್ಸು ದಾಟಿದ ಡೈವರುಗಳ ಸಾವಿನಲ್ಲಿ ಹೃದಯದ ಪಾಲು ದೊಡ್ಡದು ಎಂಬುದು ನಮ್ಮ ವೃತ್ತಿಯಲ್ಲಿ ಎಲ್ಲರಿಗೂ ತಿಳಿದದ್ದು. ಶಾರ್ಕ್ ಬಗ್ಗೆ ಬರುವಷ್ಟು ಸುದ್ದಿ ಅದರ ಬಗ್ಗೆ ಬರುವುದಿಲ್ಲ.

ಹಾಗಾದರೆ ಬಿಪಿ ಇರುವವರು ಇಳಿಯಲೇಬಾರದೇ? ಹಾಗಲ್ಲ. ಬಿಪಿ ಹತೋಟಿಯಲ್ಲಿದ್ದು, ಹೃದಯ ಗಟ್ಟಿಯಿದ್ದು, ವೈದ್ಯರು ಸಹಿ ಹಾಕಿದವರನ್ನು ನಾನು ಎಷ್ಟೋ ಸಲ ಕರೆದೊಯ್ದಿದ್ದೇನೆ. ಯಜಮಾನರು ತಮ್ಮ ಮಾತ್ರೆಯ ಚೀಟಿಯನ್ನು ಹಿಡಿದು ಹೃದಯ ತಜ್ಞರ ಹತ್ತಿರ ಹೋಗಲಿ. ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್ ಮಾತ್ರೆಗಳು ಹೃದಯದ ಓಟಕ್ಕೆ ಕಡಿವಾಣ ಹಾಕುತ್ತವೆ. ನೀರಿನಲ್ಲಿ ತುರ್ತಾಗಿ ಈಜಬೇಕಾದಾಗ ಆ ಕಡಿವಾಣ ಅಡ್ಡ ಬರಬಹುದು. ಬೇರೆ ಮಾತ್ರೆಗೆ ಬದಲಿಸಬಹುದೇ ಎಂದು ಕೇಳಲಿ, ತಾವಾಗಿ ನಿಲ್ಲಿಸುವುದು ಬೇಡ. ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಲಿ. ಕಣ್ಣಿಗೆ ಕಾಣುವಂಥ ಇನ್ನೊಂದು ಪರೀಕ್ಷೆ ನಿಮ್ಮ ತೋಟದಲ್ಲೇ ಇದೆ: ಕೆಳಗಿನ ತೋಡಿನಿಂದ ಮನೆಯ ಅಂಗಳಕ್ಕೆ ಚುರುಕಾಗಿ ಹತ್ತಿ ಬಂದು ಸಲೀಸಾಗಿ ಮಾತಾಡಬಲ್ಲರೇ ನೋಡಿ. ಆಗದಿದ್ದರೆ ಕಡಲಿನ ಮಾತು ಅಲ್ಲಿಗೇ ಬಿಡಿ.

ಡೈವಿಂಗಿಗೆ ಮೊದಲು ಒಂದು ಆರೋಗ್ಯ ಫಾರ್ಮ್ ಕೊಡುತ್ತಾರೆ. 45 ದಾಟಿದೆಯೇ, ಬಿಪಿ ಇದೆಯೇ, ಮಾತ್ರೆ ಇದೆಯೇ ಎಂದು ಅದರಲ್ಲಿ ಕೇಳಿರುತ್ತದೆ. ನಮ್ಮವರು ಅದನ್ನು ರೇಷನ್ ಕಾರ್ಡಿನ ಅರ್ಜಿಯ ಹಾಗೆ ನೋಡುತ್ತಾರೆ, 'ಇಲ್ಲ' ಎಂದು ಸಾಲಾಗಿ ಗೀಟು ಹಾಕುತ್ತಾರೆ. ಸುಳ್ಳು ಬರೆದರೆ ವಿಮೆ ಕೈಕೊಡುತ್ತದೆ ಎಂಬುದು ಸಣ್ಣ ಮಾತು. ದೊಡ್ಡದು ಇದು: ಇನ್‌ಸ್ಟ್ರಕ್ಟರ್ ಯಾರ ಮೇಲೆ ಕಣ್ಣಿಡಬೇಕು ಎಂಬುದನ್ನು ಆ ಕಾಗದ ನೋಡಿಯೇ ನಿರ್ಧರಿಸುವುದು. ವೈದ್ಯರ ಪತ್ರವನ್ನು ಇಲ್ಲಿಂದಲೇ ಇಂಗ್ಲಿಷಿನಲ್ಲಿ ಬರೆಸಿಕೊಂಡು ಹೋಗಿ. ಅಲ್ಲಿ ಹೋದ ಮೇಲೆ ಹತ್ತು ದಿನದ ರಜೆಯಲ್ಲಿ ವೈದ್ಯರನ್ನು ಹುಡುಕುತ್ತ ಕೂರಲಾಗದು.

ಚಳಿಯ ವಿಷಯ ನೀವು ಕೇಳಲೇ ಇಲ್ಲ. ಇಲ್ಲಿ ಓಣಂ ಬರುವಾಗ ಅಲ್ಲಿ ಚಳಿಗಾಲದ ಬಾಲ. ಗಾಳಿಗಿಂತ ನಿಧಾನವಾಗಿ ಕಡಲು ಬಿಸಿಯಾಗುವುದರಿಂದ ನೀರು ಅತ್ಯಂತ ತಣ್ಣಗಿರುವ ಸಮಯವೇ ಅದು, ಸುಮಾರು 17 ಡಿಗ್ರಿ. ನಮ್ಮ ಕುಂಬಳೆಯ ಕಡಲು 28ರ ಆಸುಪಾಸು. ಧನುಪೂಜೆಗೆಂದು ಬೆಳಗಿನ ಜಾವ ದೇವಸ್ಥಾನದ ಕೆರೆಯಲ್ಲಿ ಮುಳುಗುವಾಗ ಹಲ್ಲು ಕಟಕಟಿಸುತ್ತದಲ್ಲ, ಆ ನೀರೂ ಇದಕ್ಕಿಂತ ಬೆಚ್ಚಗೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಹೀರುತ್ತದೆ. ತಣ್ಣೀರು ಮೈಗೆ ತಾಗಿದೊಡನೆ ಉಸಿರು ಎಳೆದುಹೋಗುವುದು ಎಲ್ಲರಿಗೂ ಆಗುವಂಥದ್ದು. ಒಂದೆರಡು ನಿಮಿಷದಲ್ಲಿ ತಾನಾಗಿ ಸಮಾಧಾನವಾಗುತ್ತದೆ. ಶೆಲ್ಲಿಯಲ್ಲಿ ದಡದಿಂದ ನಡೆದೇ ಇಳಿಯುವುದರಿಂದ ಮೊಣಕಾಲು, ಸೊಂಟ, ಎದೆ ಎಂದು ನಿಂತು ನಿಂತು ಹೋಗಬಹುದು. ದೋಣಿಯಿಂದ ಬೆನ್ನಡಿಯಾಗಿ ಬೀಳುವುದಕ್ಕಿಂತ ಇದು ಎಷ್ಟೋ ಮೇಲು. 7 ಮಿಲಿಮೀಟರ್ ದಪ್ಪದ ವೆಟ್‌ಸೂಟ್, ತಲೆಗೆ ಹುಡ್ ಕೇಳಿ ಪಡೆಯಿರಿ. ವೆಟ್‌ಸೂಟ್ ಮೈಯನ್ನು ಒಣಗಿಡುವ ಅಂಗಿಯಲ್ಲ. ಒಳಗೆ ನುಗ್ಗಿದ ತೆಳು ನೀರನ್ನು ಮೈಶಾಖದಿಂದಲೇ ಬೆಚ್ಚಗೆ ಉಳಿಸುವ ಉಪಾಯ. ಹಾಗಾಗಿ ಅದು ಮೈಗೆ ಅಂಟಿರಬೇಕು, ಕುತ್ತಿಗೆ ಹಿಸುಕಬಾರದು. ಕುತ್ತಿಗೆ ಬಿಗಿಯಾದರೆ ಮೊದಲ ಸಲ ಇಳಿಯುವವರಿಗೆ ಅದೇ ಉಸಿರುಗಟ್ಟಿದಂತೆ ಅನಿಸಿ ಗಾಬರಿ ಶುರುವಾಗುತ್ತದೆ. ಸಂಕೋಚಪಡದೆ ದೊಡ್ಡದನ್ನು ಕೇಳಿ. ಅದನ್ನು ತೊಡುವುದೇ ಒಂದು ಕುಸ್ತಿ; ನನ್ನ ಅರ್ಧ ಸಂಪಾದನೆ ಜನರ ಬೆನ್ನ ಜಿಪ್ ಎಳೆದೇ ಆದದ್ದು.

ಈಗ ನಿಮ್ಮ ಕಿವಿ. ನಿಜವಾಗಿ ನಿಮ್ಮನ್ನು ತಡೆಯಬಹುದಾದದ್ದು ಇದೊಂದೇ. ಮಡಿಕೇರಿಯಿಂದ ಸುಳ್ಯಕ್ಕೆ ಇಳಿಯುವಾಗ ಸಾವಿರ ಮೀಟರಿಗೂ ಹೆಚ್ಚು ಎತ್ತರ ಕಳೆಯುತ್ತೀರಿ. ಒಂದು ಗಂಟೆಗೂ ಹೆಚ್ಚು ಹೊತ್ತಿನಲ್ಲಿ ಕಿವಿಗೆ ಆಗುವ ಆ ಇಡೀ ಒತ್ತಡದ ಬದಲಾವಣೆ ಕಡಲಿನಲ್ಲಿ ಮೊದಲ ಒಂದೂಕಾಲು ಮೀಟರಿನೊಳಗೆ, ಕೆಲವು ಸೆಕೆಂಡುಗಳಲ್ಲಿ ಆಗಿಹೋಗುತ್ತದೆ. ಕಿವಿಯ ತಮಟೆಯ ಹಿಂದಿನ ಗಾಳಿಗೂಡಿಗೆ ಗಂಟಲಿನಿಂದ ಒಂದು ಕಿರಿದಾದ ಕೊಳವೆ ಇದೆ. ಸಾಮಾನ್ಯವಾಗಿ ಅದು ಮುಚ್ಚಿರುತ್ತದೆ. ನುಂಗಿದಾಗ, ಆಕಳಿಸಿದಾಗ ತೆರೆಯುತ್ತದೆ. ಘಾಟಿಯಲ್ಲಿ ನೀವು ನೋವಾಗುವವರೆಗೆ ಸುಮ್ಮನಿರುತ್ತೀರಿ ಎಂದು ನನ್ನ ಊಹೆ. ಅದೇ ತಪ್ಪು. ನೋವು ಶುರುವಾದ ಮೇಲೆ ಕೊಳವೆಯ ಬಾಯಿ ಹಿಸುಕಿ ಮುಚ್ಚಿಹೋಗಿರುತ್ತದೆ. ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಊದುವುದನ್ನು ನೋವಿಗೆ ಮೊದಲೇ ಮಾಡಬೇಕು. ನೀರಿನಲ್ಲಿ ತಲೆ ಮುಳುಗುವ ಮೊದಲೇ ಒಂದು ಸಲ, ಆಮೇಲೆ ಅರ್ಧರ್ಧ ಮೀಟರಿಗೆ ಒಂದು ಸಲ, ತಲೆ ಮೇಲಾಗಿ, ಕಾಲು ಕೆಳಗಾಗಿ ಇಳಿಯುತ್ತ. ಆಗದಿದ್ದರೆ ಒಂದು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನ. ಆಗಲೂ ಬಿಡದಿದ್ದರೆ ಅಂದಿನ ಡೈವಿಂಗ್ ಮುಗಿಯಿತು.

ಇದನ್ನು ಇಷ್ಟು ಒತ್ತಿ ಹೇಳಲು ನನ್ನ ಎಡಗಿವಿಯೇ ಸಾಕ್ಷಿ. ಹಿಂದೆ ನಾನು ದುಡಿಯುತ್ತಿದ್ದ ಒಂದು ಕಡೆ, ಶೀತವಿದ್ದರೂ ಬುಕ್ಕಿಂಗ್ ಇದೆ ಎಂದು ಇಳಿಸಿದರು. ನನಗೂ ಬೇಡವೆನ್ನಲು ಬಾಯಿ ಬರಲಿಲ್ಲ. ಎಂಟು ಮೀಟರಿನಲ್ಲಿ ಬಲವಾಗಿ ಊದಿದೆ. ಒಳಗೆ ಕಾಗದ ಹರಿದಂತೆ ಸದ್ದು, ತಣ್ಣೀರು ಕಿವಿಯೊಳಗೆ, ಲೋಕವೆಲ್ಲ ಬುಗುರಿಯ ಹಾಗೆ ತಿರುಗಿತು. ಬಂಡೆ ಹಿಡಿದು ಕಣ್ಣು ಮುಚ್ಚಿ ಕಾದೆ. ಮೂರು ತಿಂಗಳು ನೀರಿಗಿಳಿಯಲಿಲ್ಲ. ಇವತ್ತಿಗೂ ಫೋನು ಬಲಗಿವಿಗೇ. ಶೀತವಿದ್ದ ದಿನ ಮೂಗಿನ ಡ್ರಾಪ್ಸ್ ಹಾಕಿಕೊಂಡು ಇಳಿಯುವ ಉಪಾಯವನ್ನೂ ಮಾಡಬೇಡಿ. ನೀರಿನೊಳಗೆ ಅದರ ಪ್ರಭಾವ ಇಳಿದರೆ ಮೇಲೆ ಬರುವಾಗ ಗಾಳಿ ಹೊರಬರಲಾಗದೆ ಸಿಕ್ಕಿಕೊಳ್ಳುತ್ತದೆ. ಹೊರಡುವ ಮೊದಲು ಇಎನ್‌ಟಿ ವೈದ್ಯರಿಗೆ ಕಿವಿ ತೋರಿಸಿ, ಅವರೆದುರು ಊದಿ ತೋರಿಸಿ. ತಮಟೆ ಅಲುಗುವುದು ಅವರಿಗೆ ಕಾಣುತ್ತದೆ. ದಿನಕ್ಕೆ ನಾಲ್ಕು ಸಲ ಮೆಲ್ಲಗೆ ಅಭ್ಯಾಸ ಮಾಡಿದರೆ ಎಷ್ಟೋ ಜನರಿಗೆ ಸುಲಭವಾಗಿದೆ.

ಸ್ಟಾಫ್ ರೂಮಿನ ಮಾತುಗಳನ್ನು ಬೇಗ ಮುಗಿಸುತ್ತೇನೆ. ಬೆನ್ನಿಗೆ ಕಟ್ಟುವುದು ಆಕ್ಸಿಜನ್ ಸಿಲಿಂಡರ್ ಅಲ್ಲ. ಅದರಲ್ಲಿರುವುದು ನಿಮ್ಮ ಸ್ಟಾಫ್ ರೂಮಿನಲ್ಲಿರುವಂಥ ಗಾಳಿಯೇ, ನೂರಕ್ಕೆ 21 ಪಾಲು ಆಕ್ಸಿಜನ್, ಉಳಿದದ್ದು ಹೆಚ್ಚುಕಡಿಮೆ ನೈಟ್ರೋಜನ್, ಶೋಧಿಸಿ ಒತ್ತಿ ತುಂಬಿದ್ದು. ಶುದ್ಧ ಆಕ್ಸಿಜನ್ ಸುಮಾರು ಆರು ಮೀಟರಿನ ಕೆಳಗೆ ವಿಷವಾಗಿ ಫಿಟ್ಸ್ ತರಿಸಬಹುದು. 12 ಲೀಟರಿನ ಟ್ಯಾಂಕಿನಲ್ಲಿ 200 ಪಟ್ಟು ಒತ್ತಡದಲ್ಲಿ 2400 ಲೀಟರ್ ಗಾಳಿ ಹಿಡಿಯುತ್ತದೆ. ಎಂಟು ಮೀಟರಿನಲ್ಲಿ ನಿಮಿಷಕ್ಕೆ 36 ಲೀಟರ್ ಖರ್ಚು ಎಂದರೂ, ಕಾಲು ಭಾಗ ಮೀಸಲಿಟ್ಟು 50 ನಿಮಿಷ ಬರುತ್ತದೆ. ಮೊದಲ ಸಲದವರನ್ನು ಅದಕ್ಕಿಂತ ಎಷ್ಟೋ ಮೊದಲೇ ಚಳಿ ಮೇಲೆ ಕಳಿಸುತ್ತದೆ. ನಮ್ಮಲ್ಲಿ ಸುರಂಗ ತೋಡುವವರು ಮೇಣದ ಬತ್ತಿ ಹಚ್ಚಿಟ್ಟುಕೊಂಡು ಒಳಹೋಗುತ್ತಾರಲ್ಲ, ಬತ್ತಿ ಮಂಕಾದರೆ ಹೊರಗೆ. ಡೈವರನಿಗೆ ಆ ಬತ್ತಿ ಎಂದರೆ ಪಕ್ಕದಲ್ಲಿ ನೇತಾಡುವ, ಟ್ಯಾಂಕಿನಲ್ಲಿ ಗಾಳಿ ಎಷ್ಟು ಉಳಿದಿದೆ ಎಂದು ತೋರಿಸುವ ಗೇಜು. ಹೇಗೆ ಓದುವುದೆಂದು ದಡದಲ್ಲೇ ಕೇಳಿ ತಿಳಿದುಕೊಳ್ಳಿ. 'ಅದನ್ನು ನಾವು ನೋಡಿಕೊಳ್ಳುತ್ತೇವೆ' ಎನ್ನುವವರಿದ್ದರೆ ನನಗೆ ಅಂಥವರು ಹಿಡಿಸುವುದಿಲ್ಲ.

ರಕ್ತ ಕುದಿಯುವುದಿಲ್ಲ. ಗೋಲಿ ಸೋಡಾ ನೋಡಿದ್ದೀರಲ್ಲ, ಗೋಲಿ ಒತ್ತಿದೊಡನೆ ಗುಳ್ಳೆ ಏಳುತ್ತದೆ. ಒತ್ತಡದಲ್ಲಿ ಕರಗಿದ್ದ ಅನಿಲ ಒತ್ತಡ ಸಡಿಲಿದಾಗ ಹೊರಬರುತ್ತದೆ. ಆಳದಲ್ಲಿ ಮೈಗೆ ಕರಗಿದ ನೈಟ್ರೋಜನ್ನಿನದೂ ಅದೇ ಕಥೆ. ಆದರೆ ಎಂಟು ಮೀಟರಿನಲ್ಲಿ ಅರ್ಧ ಗಂಟೆ ಇದ್ದವರ ಮೈಯಲ್ಲಿ ಸೋಡಾ ಆಗುವಷ್ಟು ನೈಟ್ರೋಜನ್ ಸೇರುವುದು ಬಹಳ ಅಪರೂಪ. ನಿಮಿಷಕ್ಕೆ 9 ಮೀಟರಿಗಿಂತ ವೇಗವಾಗಿ ಏರದೆ, ಉಸಿರಾಡುತ್ತ ಬಂದರೆ ಸಾಕು. ಚಿಂತಿಸಬೇಕಾದದ್ದು ಆಮೇಲಿನ ಪ್ರವಾಸಕ್ಕೆ. ಬ್ಲೂ ಮೌಂಟನ್ಸಿನ ಕಟೂಂಬ ಪಟ್ಟಣ ಸಾವಿರ ಮೀಟರಿನಷ್ಟು ಎತ್ತರದಲ್ಲಿದೆ. ಗಾಳಿಯ ಒತ್ತಡ ಅಲ್ಲೇ ಇಳಿಯುತ್ತದೆ. ವಿಮಾನಕ್ಕೆ ಹೇಳುವ ನಿಯಮ 600 ಮೀಟರ್ ದಾಟಿದ ಬೆಟ್ಟಕ್ಕೂ ಅನ್ವಯ: ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಡೈವ್ ಆದರೆ 18 ಗಂಟೆ ಬಿಡುವು. ನಾನು ಲೆಕ್ಕ ಹಾಕುವುದು 24 ಎಂದೇ. ನೇತ್ರಾಣಿಯಲ್ಲಿ ಮುಳುಗಿ ಅದೇ ಸಂಜೆ ಮಡಿಕೇರಿಗೆ ಕಾರು ಹತ್ತಿಸುವವರನ್ನು ಕಂಡಾಗೆಲ್ಲ ನನಗೆ ಇದನ್ನು ಕೂಗಿ ಹೇಳಬೇಕೆನಿಸುತ್ತದೆ.

ಶಾರ್ಕ್. ಸುಳ್ಳು ಧೈರ್ಯ ಹೇಳುವುದಿಲ್ಲ. ಸಿಡ್ನಿಯ ಕಡಲಲ್ಲಿ 2022ರಲ್ಲೂ 2025ರಲ್ಲೂ ಶಾರ್ಕ್ ಕಡಿದು ಸಾವಾಗಿದೆ. ಸತ್ತವರಲ್ಲಿ ಒಬ್ಬರು ಈಜುತ್ತಿದ್ದವರು, ಇನ್ನೊಬ್ಬರು ಅಲೆಯಾಟದವರು. ಜೋರು ಮಳೆಯ ನಂತರದ ಕೆಂಪು ನೀರಿಗೆ, ನಸುಕಿಗೆ, ಮುಸ್ಸಂಜೆಗೆ ಇಳಿಯಬೇಡಿ ಎಂಬುದು ಅಲ್ಲಿನವರ ಪಾಠ. ಬೆಚ್ಚನೆಯ ನೀರು ಹುಡುಕುವ ಬುಲ್ ಶಾರ್ಕ್‌ಗಳು ನೀವು ಹೋಗುವ ತಿಂಗಳಲ್ಲಿ ಹೆಚ್ಚಾಗಿ ಉತ್ತರದ ಕ್ವೀನ್ಸ್‌ಲ್ಯಾಂಡಿಗೆ ಸರಿದಿರುತ್ತವೆ. ನಿಮಗೆ ಕಾಣಸಿಗುವುದು ಪೋರ್ಟ್ ಜ್ಯಾಕ್ಸನ್ ಶಾರ್ಕ್. ಮೊಟ್ಟೆಯಿಡಲು ಅದೇ ಹೊತ್ತಿಗೆ ಈ ಬಂಡೆಗಳಿಗೆ ಬರುತ್ತವೆ, ವರ್ಷವರ್ಷವೂ ಅದೇ ಬಂಡೆಗೆ. ಹಂದಿಯ ಮೂತಿ, ಮೈಮೇಲೆ ಕುದುರೆಯ ಜೀನಿನಂಥ ಪಟ್ಟೆ, ತಿನ್ನುವುದು ಕಡಲಚೆಂಡು, ಚಿಪ್ಪು. ಮೊಟ್ಟೆ ತಿರುಪು ಮೊಳೆಯ ಆಕಾರದ್ದು, ಬಂಡೆಯ ಸಂದಿಗೆ ಸಿಕ್ಕಿಸಿಡುತ್ತದೆ. ಅನಂತಪುರ ದೇವಸ್ಥಾನದ ಕೆರೆಯ ಮೊಸಳೆ ಬಬಿಯನನ್ನು ಕಂಡು ಬೆಳೆದವರು ನಾವು. 2022ರಲ್ಲಿ ಅದು ಸತ್ತಾಗ ಕುಂಬಳೆಯೆಲ್ಲ ಹೂಹಾರ ಹಿಡಿದು ಬಂತು. ಆದರೂ ನಾವು ಕೆರೆಗಿಳಿದು ಅದರ ಬೆನ್ನು ಸವರಲಿಲ್ಲ. ಅಷ್ಟೇ ದೂರ ಇಲ್ಲಿಯೂ ಇರಲಿ. ನನಗೆ ಭಯವಿರುವುದು ಹಲ್ಲಿನದ್ದಲ್ಲ, ನಮ್ಮ ಕೈಯದ್ದು. ಅಂಗೈಗಿಂತ ಚಿಕ್ಕದಾದ ನೀಲಿ ಉಂಗುರದ ಆಕ್ಟೋಪಸ್ ಅಲ್ಲಿನ ಕಲ್ಲು, ಖಾಲಿ ಚಿಪ್ಪುಗಳಲ್ಲಿ ಅಡಗಿರುತ್ತದೆ. ಕಡಿದದ್ದು ಗೊತ್ತಾಗದಿದ್ದರೂ ಉಸಿರಾಟದ ಸ್ನಾಯುಗಳನ್ನೇ ನಿಲ್ಲಿಸುವ ವಿಷ ಅದರದ್ದು. ಚಿಪ್ಪು ಎತ್ತಬೇಡಿ.

ಕನ್ನಡಕಕ್ಕೆ ಪರಿಹಾರ ಸುಲಭ. ನಂಬರಿನ ಗಾಜು ಹಾಕಿದ ಮಾಸ್ಕ್ ಸಿಗುತ್ತದೆ, ಮೊದಲೇ ತಿಳಿಸಬೇಕು. ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸೂ ಆಗುತ್ತದೆ. ಯಜಮಾನರಿಗೆ ಮೀಸೆ ಇದ್ದರೆ ಮಾಸ್ಕಿನಲ್ಲಿ ನೀರು ಸೋರುತ್ತದೆ. ಮೇಲಂಚು ಕತ್ತರಿಸಿಕೊಳ್ಳಲಿ, ಒಪ್ಪುವುದು ಬಿಡುವುದು ಅವರಿಗೆ ಬಿಟ್ಟದ್ದು.

ಇನ್ನು ಏನು ಮಾಡಬಹುದು. ನಿಮಗೆ ನಾನು ಹೇಳುವುದು, ಬುಕ್ಕಿಂಗ್ ರದ್ದು ಮಾಡಬೇಡಿ, ಬದಲಿಸಿ. ರಜೆಗೆ ಇನ್ನೂ ತಿಂಗಳುಗಳಿವೆ. ಮಂಗಳೂರಿನಲ್ಲೋ ಕಾಸರಗೋಡಿನಲ್ಲೋ ಈಜುಕೊಳಕ್ಕೆ ಸೇರಿ. ವೇಗದ ಈಜು ಬೇಡ, ಹತ್ತು ನಿಮಿಷ ಏನೂ ಹಿಡಿಯದೆ ತೇಲುವುದು ಬಂದರೆ ಸಾಕು. ಒಂದು ದಿನದ ಪರಿಚಯ ಡೈವಿಂಗಿಗೆ ಹೆಚ್ಚಿನ ಕಡೆ ಈಜು ಕಡ್ಡಾಯವಲ್ಲ, ನಿಜ. ಆದರೆ ತೇಲಲು ಬಂದವರಿಗೆ ಗಾಬರಿ ಕಡಿಮೆ, ಗಾಬರಿ ಕಡಿಮೆಯಾದಷ್ಟೂ ಉಸಿರು ನಿಧಾನ. ನೇತ್ರಾಣಿಯಲ್ಲಿ ಬೆಚ್ಚಗಿನ ನೀರಿನಲ್ಲಿ ಒಮ್ಮೆ ಇಳಿದು ನೋಡುವುದಾದರೆ ಮೇ ತಿಂಗಳೊಳಗೆ. ಮಳೆಗಾಲದಲ್ಲಿ ಅಲ್ಲಿಗೆ ದೋಣಿ ಹೋಗುವುದಿಲ್ಲ. ಸಿಡ್ನಿಯಲ್ಲಿ ಮೊದಲು ಈಜುಕೊಳದ ಅಭ್ಯಾಸ ಕೊಡುವ, ಕಡಲಿನಲ್ಲಿ ನಿಮ್ಮೊಬ್ಬರಿಗೇ ಒಬ್ಬ ಇನ್‌ಸ್ಟ್ರಕ್ಟರ್ ಕೊಡುವ ಕಡೆ ಹುಡುಕಲು ಮಗಳಿಗೆ ಹೇಳಿ. ದುಡ್ಡು ಹೆಚ್ಚು. ಈ ಒಂದು ಖರ್ಚಿನಲ್ಲಿ ಜಿಪುಣತನ ಬೇಡ. ಆರು ಮೀಟರ್ ದಾಟುವುದಿಲ್ಲ ಎಂದು ಮೊದಲೇ ಮಾತಾಡಿಕೊಳ್ಳಿ. ನೋಡಬೇಕಾದದ್ದೆಲ್ಲ ಅಷ್ಟರಲ್ಲೇ ಇದೆ. ಸ್ನಾರ್ಕೆಲ್ ಎಂಬ ಉಸಿರಾಟದ ಕೊಳವೆ ಹಾಕಿ ಮೇಲಿಂದಲೇ ನೋಡುವುದೂ ಅಲ್ಲಿ ಸೊಗಸು. ಕಿವಿ ಒಪ್ಪದಿದ್ದರೆ ಅದೇ ನಿಮ್ಮ ದಾರಿ.

ಯಜಮಾನರಿಗೆ ಸ್ನಾರ್ಕೆಲನ್ನು 'ಸುರಕ್ಷಿತ ಬದಲಿ' ಎಂದು ಮಾತ್ರ ಹೇಳಬೇಡಿ. ದುರ್ಬಲ ಹೃದಯಕ್ಕೆ ತಣ್ಣೀರಿನ ಹೊರೆ ಮೇಲ್ಮೈಯಲ್ಲೂ ಅಷ್ಟೇ, ನೋಡುವ ಇನ್‌ಸ್ಟ್ರಕ್ಟರ್ ಅಲ್ಲಿರುವುದಿಲ್ಲ. ವೈದ್ಯರು ಸಹಿ ಹಾಕಿದರೆ ಅವರೂ ನಿಮ್ಮಂತೆಯೇ ಈಜುಕೊಳದಿಂದ ಶುರು ಮಾಡಲಿ. ಅಲ್ಲಿ ಅವರಿಗೆ ಒಂದೇ ಪರೀಕ್ಷೆ ಇಡಿಸಿ: ಮಾಸ್ಕಿಗೆ ನೀರು ತುಂಬಿಸಿ, ಉಸಿರಾಡುತ್ತಲೇ ಅದನ್ನು ಹೊರಹಾಕಬೇಕು, ಒಂದೇ ಒಂದು ಸಲವೂ ಉಸಿರು ಹಿಡಿಯದೆ, ಸತತ ಹತ್ತು ಬಾರಿ. ಹಿಡಿದರೆ ಮತ್ತೆ ಒಂದರಿಂದ. ಮಗ್ಗಿ ಒಪ್ಪಿಸಿಕೊಂಡು ಅಭ್ಯಾಸವಿರುವ ನೀವೇ ದಡದಲ್ಲಿ ಕೂತು ಎಣಿಸಿ. ವೈದ್ಯರು ಬೇಡವೆಂದರೆ ಅವರು ಗುಡ್ಡದ ಮೇಲಿನ ಕಾಲುದಾರಿಯಲ್ಲಿ ಕೂತು ತಿಮಿಂಗಿಲ ನೋಡಲಿ. ನೀವು ಹೋಗುವ ಹೊತ್ತಿಗೆ ಹಂಪ್‌ಬ್ಯಾಕ್ ತಿಮಿಂಗಿಲಗಳು ಆ ಕರಾವಳಿಯಲ್ಲೇ ಓಡಾಡುತ್ತಿರುತ್ತವೆ. ಅದನ್ನು ಸಮಾಧಾನದ ಬಹುಮಾನ ಎಂದುಕೊಳ್ಳಬಾರದು, ನಾನಂತೂ ಎಷ್ಟೋ ಮಧ್ಯಾಹ್ನ ಅಲ್ಲಿ ಕಳೆದಿದ್ದೇನೆ.

ಪ್ರವಾಸದ ಕ್ರಮವನ್ನು ತಿರುಗಿಸಿ: ಬ್ಲೂ ಮೌಂಟನ್ಸ್ ಮೊದಲು, ಕಡಲು ಆಮೇಲೆ, ಕಡಲಿಗೂ ವಿಮಾನಕ್ಕೂ ನಡುವೆ ಒಂದು ಪೂರ್ತಿ ದಿನ ಖಾಲಿ. ಪ್ರವಾಸ ವಿಮೆಯಲ್ಲಿ ಸ್ಕೂಬಾ ಸೇರಿದೆಯೇ ಎಂದು ನೋಡಿ, ಎಷ್ಟೋ ವಿಮೆಗಳಲ್ಲಿ ಇರುವುದಿಲ್ಲ.

ಕರಿಮಣಿಯನ್ನು ಮಗಳ ಮನೆಯಲ್ಲೇ ಇಟ್ಟು ಬನ್ನಿ. ವೆಟ್‌ಸೂಟಿನ ಕುತ್ತಿಗೆಪಟ್ಟಿಗೆ ಸಿಕ್ಕಿ ಎಳೆದರೆ ಸರ ತುಂಡಾಗುತ್ತದೆ, ಕೆಲ್ಪ್ ನಡುವೆ ಉದುರಿದ ಮಣಿ ಹುಡುಕುವುದು ಆಗದ ಕೆಲಸ. ಬಳೆ, ಉಂಗುರವೂ ಬೇಡ. ಚಳಿಗೆ ಬೆರಳು ಸಣ್ಣಗಾಗಿ ಉಂಗುರ ತಾನಾಗಿ ಜಾರುತ್ತದೆ. ಮೂಗುತಿ ಚಿಕ್ಕದಿದ್ದರೆ ಇರಲಿ. ಮಾಸ್ಕಿನ ರಬ್ಬರು ಮೂಗಿನ ಆಚೆಗೆ ಕೂರುತ್ತದೆ, ಮೂಗುತಿಗೆ ತಾಗುವುದಿಲ್ಲ. ಕಿವಿಗೆ ಊದಲು ಮೂಗು ಹಿಡಿಯುವಾಗ ಮಾತ್ರ ಚುಚ್ಚೀತು. ಮನೆಯಲ್ಲಿ ಅಭ್ಯಾಸ ಮಾಡುವಾಗಲೇ ಅದು ಗೊತ್ತಾಗುತ್ತದೆ.